ಮಂಡ್ಯದ ಕಾಲೇಜು ಗ್ರಂಥಾಲಯವೊಂದರಲ್ಲಿ ಕೋಹಾ

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆಯ ಕಾಲೇಜು ಗ್ರಂಥಪಾಲಕರು ಸೇರಿದಾಗ ಈಚೆಗೆ ಒಂದು ಪ್ರಶ್ನೆ ಎದ್ದೇ ಏಳುತ್ತದೆ: ಗ್ರಂಥಾಲಯ ನಿರ್ವಹಣೆಗೆ ಬಳಸುವ ಕೋಹಾ ತಂತ್ರಾಂಶವನ್ನು ಉಚಿತವಾಗಿ ಇಳಿಸಿಕೊಂಡು ನಾವೇ ನಡೆಸುವುದೋ, ಅಥವಾ ಅದನ್ನೇ ತಿದ್ದಿ ಕಂಪನಿಯೊಂದು ಹಣಕ್ಕೆ ಕೊಡುವ ಆವೃತ್ತಿಯನ್ನು ಕೊಳ್ಳುವುದೋ? ನಮ್ಮ ಗ್ರಂಥಾಲಯದಲ್ಲಿ ಕೆಲವು ವರ್ಷಗಳಿಂದ ಕೋಹಾದ ಸಮುದಾಯ ಆವೃತ್ತಿ, ಅಂದರೆ ಹಲವರು ಸೇರಿ ರೂಪಿಸುವ ಉಚಿತ ಮೂಲ ಆವೃತ್ತಿ, ನಡೆಯುತ್ತಿದೆ. ಆ ಅನುಭವದ ಆಧಾರದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ದಿನನಿತ್ಯದ ಕೆಲಸದಲ್ಲಿ ದೂರುವಂಥದ್ದು ಹೆಚ್ಚೇನೂ ಇಲ್ಲ. ಬಾರ್‌ಕೋಡ್ ಓದಿಸಿ ಪುಸ್ತಕ ಕೊಡುವುದು, ಹಿಂಪಡೆಯುವುದು, ತಡವಾದರೆ ದಂಡದ ಲೆಕ್ಕ ಹಾಕುವುದು, ನಿಯತಕಾಲಿಕಗಳ ಸಂಚಿಕೆಗಳನ್ನು ದಾಖಲಿಸುವುದು ಎಲ್ಲವೂ ಬ್ರೌಸರಿನಲ್ಲಿಯೇ ಸಲೀಸಾಗಿ ನಡೆಯುತ್ತವೆ. ಗ್ರಂಥಾಲಯಗಳ ನಡುವೆ ದಾಖಲೆಗಳನ್ನು ಹುಡುಕಿ ತರುವ ಝಡ್39.50 ಪದ್ಧತಿಯ ಮೂಲಕ ಬೇರೆ ಗ್ರಂಥಾಲಯಗಳ ಮಾರ್ಕ್ 21 (ಪುಸ್ತಕದ ವಿವರ ಬರೆಯುವ ನಿಗದಿತ ನಮೂನೆ) ದಾಖಲೆಗಳನ್ನು ತರಿಸಿಕೊಳ್ಳಬಹುದಾದ್ದರಿಂದ ಇಂಗ್ಲಿಷ್ ಪುಸ್ತಕಗಳ ಸೂಚೀಕರಣವೂ ಬೇಗ ಮುಗಿಯುತ್ತದೆ.

ಕನ್ನಡ ಪುಸ್ತಕಗಳಿಗೆ ಬಂದಾಗ ಶ್ರಮ ಹೆಚ್ಚುತ್ತದೆ. ಕೋಹಾದಲ್ಲಿ ಕನ್ನಡ ಯೂನಿಕೋಡಿನಲ್ಲಿ ಬರೆದದ್ದು ಹಾಗೆಯೇ ಉಳಿಯುತ್ತದೆಯಾದರೂ, ಅದರ ಹುಡುಕಾಟವನ್ನು ನಡೆಸುವ ಝೆಬ್ರಾ ಎಂಬ ತಂತ್ರಾಂಶ ಮೂಲ ವಿನ್ಯಾಸದಲ್ಲಿ ರೋಮನ್ ಲಿಪಿಗೆ ಹೊಂದುವ ಅಕ್ಷರಪಟ್ಟಿಯನ್ನು ಬಳಸುವುದರಿಂದ, ಅದನ್ನು ಬೇರೆ ಬೇರೆ ಲಿಪಿಗಳನ್ನು ನಿಭಾಯಿಸುವ ಐಸಿಯು ಪದ್ಧತಿಗೆ ಬದಲಾಯಿಸಿ ಇಡೀ ಸೂಚಿಯನ್ನು ಮತ್ತೆ ಕಟ್ಟುವವರೆಗೆ ಕನ್ನಡ ಶೀರ್ಷಿಕೆಗಳ ಹುಡುಕಾಟವನ್ನು ನಂಬುವಂತಿಲ್ಲ. ಹಳೆಯ ದತ್ತಾಂಶ ನುಡಿ ಅಥವಾ ಬರಹ ತಂತ್ರಾಂಶಗಳ ಹಿಂದಿನ ಫಾಂಟುಗಳಲ್ಲಿದ್ದರೆ ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತುಗಳನ್ನೂ ಸಾಲುಸಾಲಾಗಿ ನೋಡಿ ತಿದ್ದಬೇಕು. "ಕುವೆಂಪು" ಎಂದು ಹುಡುಕಿದ ವಿದ್ಯಾರ್ಥಿಗೂ "ಪುಟ್ಟಪ್ಪ, ಕೆ.ವಿ." ಎಂದು ಹುಡುಕಿದ ಅಧ್ಯಾಪಕರಿಗೂ ಒಂದೇ ಪಟ್ಟಿ ಸಿಗಬೇಕಾದರೆ ಲೇಖಕರ ಅಥಾರಿಟಿ ದಾಖಲೆಯಲ್ಲಿ (ಒಬ್ಬರ ಹೆಸರಿನ ಬೇರೆ ಬೇರೆ ರೂಪಗಳನ್ನು ಒಂದೆಡೆ ಇಡುವ ದಾಖಲೆ) ಎರಡೂ ರೂಪಗಳನ್ನು ಜೋಡಿಸಬೇಕು. ಇದಕ್ಕೆಲ್ಲ ಕೋಹಾದಲ್ಲಿ ಅವಕಾಶವಿದೆ, ಆದರೆ ಜೋಡಿಸುವವರು ಕನ್ನಡ ಬಲ್ಲ ಗ್ರಂಥಪಾಲಕರೇ ಆಗಬೇಕು. ದುಬಾರಿ ಆವೃತ್ತಿಯನ್ನು ಕೊಂಡ ಮಾತ್ರಕ್ಕೆ ಈ ಕೆಲಸ ತಪ್ಪುವುದಿಲ್ಲ.

ಇನ್ನು ವಾಣಿಜ್ಯ ಆವೃತ್ತಿಯ ವಿಚಾರ. ನ್ಯೂಜಿಲೆಂಡಿನ ಹೊರೊವೆನುವಾ ಲೈಬ್ರರಿ ಟ್ರಸ್ಟ್‌ಗಾಗಿ ಕಟಿಪೊ ಕಮ್ಯುನಿಕೇಷನ್ಸ್ ಎಂಬ ಸಂಸ್ಥೆ 1999ರಲ್ಲಿ ಬರೆದ ಈ ತಂತ್ರಾಂಶ 2000ದ ಜನವರಿಯಲ್ಲಿ ಬಳಕೆಗೆ ಬಂದಿತು ಮತ್ತು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಮುಕ್ತವಾಯಿತು. ಕಟಿಪೊದ ಕೋಹಾ ವಿಭಾಗವನ್ನು 2007ರಲ್ಲಿ ಕೊಂಡ ಅಮೆರಿಕದ ಲಿಬ್‌ಲೈಮ್, 2009ರಲ್ಲಿ ತನ್ನ ಗ್ರಾಹಕರಿಗೆಂದು ಎಂಟರ್‌ಪ್ರೈಸ್ ಕೋಹಾ ಎಂಬ ಬೇರೆಯೇ ಆವೃತ್ತಿಯನ್ನು ಘೋಷಿಸಿತು. ಮರುವರ್ಷ ಲಿಬ್‌ಲೈಮನ್ನು ಪಿಟಿಎಫ್‌ಎಸ್ ಎಂಬ ಇನ್ನೊಂದು ಕಂಪನಿ ಕೊಂಡಿತು. ಯೋಜನೆಯ ಹಳೆಯ ಜಾಲತಾಣ ಕಂಪನಿಯ ವಶದಲ್ಲಿದ್ದುದರಿಂದ ಸಮುದಾಯ ಹೊಸ ವಿಳಾಸವನ್ನು ಮಾಡಿಕೊಳ್ಳಬೇಕಾಯಿತು. ಕೋಹಾ ಎಂಬ ಹೆಸರಿನ ವ್ಯಾಪಾರಮುದ್ರೆಯ ಬಗ್ಗೆ ನ್ಯೂಜಿಲೆಂಡಿನಲ್ಲಿ ಎದ್ದ ವಿವಾದ 2013ರಲ್ಲಿ ಕಂಪನಿಯ ವಿರುದ್ಧವಾಗಿ ತೀರ್ಮಾನವಾಯಿತು.

ಇಷ್ಟೆಲ್ಲ ನಡೆದರೂ ಮುಕ್ತ ಆವೃತ್ತಿ ಸೊರಗಲಿಲ್ಲ, ಏಕೆಂದರೆ ಅದರ ನಿರ್ವಹಣೆ ಒಬ್ಬರ ಕೈಯಲ್ಲಿ ಇರಲಿಲ್ಲ. ಈಗ ಪ್ರತಿ ಮೇ ಮತ್ತು ನವೆಂಬರ್ ತಿಂಗಳಲ್ಲಿ ಹೊಸ ಆವೃತ್ತಿ ಬರುತ್ತದೆ; 24.05 ಎಂದರೆ 2024ರ ಮೇ ತಿಂಗಳಿನದು. ಒಬ್ಬರು ಬರೆದ ತಿದ್ದುಪಡಿಯನ್ನು ಇನ್ನೊಬ್ಬರು ಪರೀಕ್ಷಿಸಿ ಒಪ್ಪಿಗೆ ಹಾಕಬೇಕು, ಬಳಿಕ ಗುಣಮಟ್ಟದ ತಂಡ ನೋಡಬೇಕು, ಆಮೇಲಷ್ಟೇ ಅದು ಮೂಲಕ್ಕೆ ಸೇರುತ್ತದೆ. ಹಿಂದಿನ ಆವೃತ್ತಿಗಳಿಗೆ ದೋಷ ಪರಿಹಾರಗಳನ್ನು ಒದಗಿಸಲು ಪ್ರತ್ಯೇಕ ನಿರ್ವಾಹಕರಿದ್ದಾರೆ. ಇವರಲ್ಲಿ ಅನೇಕರು ನ್ಯೂಜಿಲೆಂಡಿನ ಕೆಟಲಿಸ್ಟ್, ಫ್ರಾನ್ಸಿನ ಬಿಬ್‌ಲಿಬ್ರ್, ಅಮೆರಿಕದ ಬೈವಾಟರ್‌ನಂತಹ ಕಂಪನಿಗಳ ನೌಕರರು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅವು ಬೆಂಬಲ ಸೇವೆಗೆ ಹಣ ಪಡೆಯುತ್ತವೆ, ತಿದ್ದಿದ್ದನ್ನು ಮೂಲಕ್ಕೆ ಮರಳಿಸುತ್ತವೆ. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದಲ್ಲಿ ಹೂಳೆತ್ತಿದರೆ ಕೊನೆಭಾಗದ ಗದ್ದೆಗೂ ನೀರು ತಲುಪುವಂತೆ, ಮೂಲದಲ್ಲಿ ತಿದ್ದಿದ ದೋಷದ ಫಲ ನಮ್ಮಂಥ ಸಣ್ಣ ಗ್ರಂಥಾಲಯಕ್ಕೂ ಸಿಗುತ್ತದೆ.

ತಿದ್ದುಪಡಿಗಳನ್ನು ತನ್ನಲ್ಲಿಯೇ ಇಟ್ಟುಕೊಳ್ಳುವ ಕಂಪನಿಗೆ ಈ ಅನುಕೂಲವಿಲ್ಲ. ಪ್ರತಿ ಹೊಸ ಆವೃತ್ತಿಗೂ ತನ್ನ ಬದಲಾವಣೆಗಳನ್ನು ಮತ್ತೆ ಹೊಂದಿಸಬೇಕಾದ್ದರಿಂದ ಅದು ಬರಬರುತ್ತಾ ಹಿಂದೆ ಬೀಳುತ್ತದೆ, ಅದರೊಡನೆ ಗ್ರಾಹಕನೂ ಹಿಂದೆ ಬೀಳುತ್ತಾನೆ. ನಮಗೆ ಒಬ್ಬ ಮಾರಾಟಗಾರರು ತೋರಿಸಿದ "ವಿಶೇಷ ಆವೃತ್ತಿ" ಮೂಲ ಕೋಹಾಕ್ಕಿಂತ ವರ್ಷಗಳಷ್ಟು ಹಳೆಯದಾಗಿತ್ತು. ನಾಳೆ ಬಿಟ್ಟುಹೋಗಬೇಕೆಂದರೆ ಎರವಲು ಇತಿಹಾಸವೂ ಸೇರಿದಂತೆ ದತ್ತಾಂಶ ಪೂರ್ಣವಾಗಿ ನಮ್ಮ ಕೈಗೆ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಅವರಿಂದ ಸ್ಪಷ್ಟ ಉತ್ತರ ಸಿಗಲಿಲ್ಲ. ನಾವು ಕೊಳ್ಳಲಿಲ್ಲ.

ಹಾಗೆಂದು ಸಮುದಾಯ ಆವೃತ್ತಿಯನ್ನು ಯಾರ ನೆರವೂ ಇಲ್ಲದೆ ನಡೆಸಿರಿ ಎಂದು ನಾನು ಹೇಳಲಾರೆ. ಡೆಬಿಯನ್ ಅಥವಾ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ ಸರ್ವರನ್ನು ಆಜ್ಞಾಸಾಲಿನಲ್ಲಿ ನಿಭಾಯಿಸುವುದು ಬರಬೇಕು. ಡೆಬಿಯನ್ ಪ್ಯಾಕೇಜಿನಿಂದ ಸ್ಥಾಪಿಸಿದ ಕೋಹಾ ಪ್ರತಿದಿನ ತಾನಾಗಿ ಬ್ಯಾಕಪ್ ತೆಗೆದರೂ ಅದನ್ನು ಅದೇ ಯಂತ್ರದಲ್ಲಿ ಇಡುತ್ತದೆ. ಹಾರ್ಡ್‌ಡಿಸ್ಕ್ ಕೆಟ್ಟರೆ ದತ್ತಾಂಶ, ಬ್ಯಾಕಪ್ ಎರಡೂ ಹೋಗುತ್ತವೆ. ಹಳೆಯ ಆವೃತ್ತಿಯಲ್ಲಿಯೇ ಉಳಿದರೆ ಭದ್ರತಾ ಪರಿಹಾರಗಳು ನಿಲ್ಲುತ್ತವೆ. ಒಬ್ಬರೇ ಸಿಬ್ಬಂದಿ ಇರುವ ಗ್ರಂಥಾಲಯಕ್ಕೆ ಇದು ದೊಡ್ಡ ಹೊರೆ. ತಂತ್ರಾಂಶ ಉಚಿತವೆಂಬ ಕಾರಣಕ್ಕೆ ನಿರ್ವಹಣೆಗೂ ಹಣ ಬೇಡವೆನ್ನುವ ಆಡಳಿತ ಮಂಡಳಿಗಳು ಇದನ್ನು ತಿಳಿಯಬೇಕು.

ಆದ್ದರಿಂದ ಬೆಂಬಲಕ್ಕೆ ಖಂಡಿತವಾಗಿ ಹಣ ಕೊಡಿರಿ, ಆದರೆ ಷರತ್ತುಗಳನ್ನು ಬರೆಸಿಕೊಳ್ಳಿರಿ. ನಡೆಯುವುದು ಸಮುದಾಯ ಆವೃತ್ತಿಯೇ ಆಗಿರಬೇಕು. ಸರ್ವರಿನ ಪ್ರವೇಶ ಕಾಲೇಜಿನ ಬಳಿ ಇರಬೇಕು. ದತ್ತಾಂಶದ ಪೂರ್ಣ ಪ್ರತಿ ಪ್ರತಿ ತಿಂಗಳು ಬೇರೊಂದು ಯಂತ್ರಕ್ಕೆ ಬರಬೇಕು. ನಮಗಾಗಿ ಸರಿಪಡಿಸಿದ ದೋಷವನ್ನು ಮೂಲ ಯೋಜನೆಗೂ ಕಳುಹಿಸಬೇಕು. ಈ ಷರತ್ತುಗಳಿಗೆ ಒಪ್ಪಿದ ಮೈಸೂರಿನ ತಂತ್ರಜ್ಞರೊಬ್ಬರಿಗೆ ನಾವು ವಾರ್ಷಿಕ ಶುಲ್ಕ ಕೊಡುತ್ತಿದ್ದೇವೆ. ಮುಂದಿನ ವರ್ಷದ ಬಜೆಟ್ಟಿನಲ್ಲಿಯೂ ಅದಕ್ಕೆ ಹಣ ಕೇಳಿದ್ದೇನೆ.