19 ಅಡಿಯೋ, 23 ಅಡಿಯೋ? ಮನೆಮಂದಿಗೆಲ್ಲ ಆಗುವ ಬೋಟು

ನಾವಿರುವುದು ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿ. ನಾವಿಬ್ಬರು, ಇಬ್ಬರು ಮಕ್ಕಳು, ಬೇಸಿಗೆಗೆ ಮೈಸೂರಿನಿಂದ ಬರುವ ಅಪ್ಪ ಅಮ್ಮ. ಬೋಟು ಕೊಳ್ಳುವ ಮೊದಲು 19 ಅಡಿಯದನ್ನು ಬಾಡಿಗೆಗೆ ತಗೊಂಡು ಓಡಿಸಿದೆವು, ಗೆಳೆಯರ 23 ಅಡಿಯದನ್ನೂ ಓಡಿಸಿದೆವು. ಎರಡೂ ಬೌರೈಡರ್, ಅಂದರೆ ಮುಂದಿನ ಮೂತಿಯಲ್ಲೂ ಸೀಟು ಇರುವಂಥವು. ಚಿಕ್ಕದಕ್ಕೆ 150 ಹಾರ್ಸ್‌ಪವರ್ ಔಟ್‌ಬೋರ್ಡ್ ಎಂಜಿನ್ (ಬೋಟಿನ ಹಿಂಬದಿಗೆ ಹೊರಗಿನಿಂದ ಕೂರಿಸುವಂಥದು), ದೊಡ್ಡದಕ್ಕೆ 300.

ನೀರಿಗಿಳಿದ ಮೇಲೆ ದೊಡ್ಡದೇ ಮೇಲು, ಎರಡು ಮಾತಿಲ್ಲ. ಲೇಕ್ ವಾಷಿಂಗ್ಟನ್ ಉತ್ತರದಿಂದ ದಕ್ಷಿಣಕ್ಕೆ ಸುಮಾರು 22 ಮೈಲಿ ಉದ್ದ. ದಕ್ಷಿಣದ ಗಾಳಿ ಬೀಸಿದರೆ ಕೆರೆಗೆ ಅಡ್ಡಲಾಗಿ ಹೋಗುವ 520 ಹೆದ್ದಾರಿಯ ತೇಲುವ ಸೇತುವೆಯೇ ಅಲೆಗಳಿಗೆ ಅಡ್ಡಗೋಡೆ. ಉತ್ತರದ ಕಡೆ ನೀರು ಶಾಂತ. ಸೇತುವೆಯ ಕೆಳಗೆ ನುಸುಳಿ ಆಚೆಗೆ ಹೋದರೆ ಸಾಕು, ಚಿಕ್ಕ ಬೋಟಿನ ತಳ ಪಟಪಟ ಬಡಿಯಲು ಶುರು. ಮುಂದೆ ಕೂತಿದ್ದ ಅಮ್ಮ ಎರಡೂ ಕೈಯಲ್ಲಿ ಕಂಬಿ ಹಿಡಿದು "ನಿಧಾನ ಕಣೋ" ಅಂದರು. ವೇಗ ಇಳಿಸಿ ಅವರನ್ನು ಹಿಂದಿನ ಸೀಟಿಗೆ ಕರೆತಂದೆ. ಅಂಥದೇ ಗಾಳಿಯಲ್ಲಿ 23 ಅಡಿಯದು ಅಲೆಯನ್ನು ಸೀಳಿಕೊಂಡು ಹೋಯಿತು. ತೂಕದ ಗುಣ ಅದು. ಇನ್ನೊಂದು, ಅದರಲ್ಲಿ ಪುಟ್ಟ ಟಾಯ್ಲೆಟ್ ಇದೆ. ಬಗ್ಗಿಯೇ ಇಳಿಯಬೇಕು, ಆದರೂ ವಯಸ್ಸಾದವರು, ಮಕ್ಕಳು ಜೊತೆಗಿದ್ದಾಗ ಅದರ ಬೆಲೆ ಗೊತ್ತಾಗುತ್ತದೆ. ಚಿಕ್ಕದರಲ್ಲಿ ಅಪ್ಪ ಬೆಳಗಿನಿಂದ ನೀರೇ ಕುಡಿಯದೆ ಕೂತಿದ್ದರು. ಆ ಬಿಸಿಲಿನಲ್ಲಿ ಅದು ಒಳ್ಳೆಯದಲ್ಲ.

ನೆಲದ ಮೇಲೆ ಲೆಕ್ಕ ಬೇರೆಯೇ. ನಮ್ಮ ಎಸ್‌ಯುವಿ ಎಳೆಯಬಲ್ಲದ್ದು 5,000 ಪೌಂಡ್. ಟ್ರೇಲರ್, ಪೆಟ್ರೋಲು, ಸಾಮಾನು ಎಲ್ಲ ಸೇರಿದರೂ 19 ಅಡಿಯದು ಅದರೊಳಗೆ ನಿಲ್ಲುತ್ತದೆ. 23 ಅಡಿಯದು 6,000 ದಾಟುತ್ತದೆ. ಅಂದರೆ ಬೋಟಿನ ಜೊತೆಗೆ ಇನ್ನೂ ದೊಡ್ಡ ಗಾಡಿ ಕೊಳ್ಳಬೇಕು, ಇಲ್ಲವೇ ಮರೀನಾದಲ್ಲಿ, ಅಂದರೆ ಬೋಟು ನಿಲ್ಲಿಸುವ ಕಟ್ಟೆಯಲ್ಲಿ, ಅಡಿ ಲೆಕ್ಕದಲ್ಲಿ ಬಾಡಿಗೆ ಕಟ್ಟಬೇಕು. ಪೆಟ್ರೋಲೂ ಅಷ್ಟೇ: ಪೂರ್ತಿ ವೇಗದಲ್ಲಿ 150ರ ಎಂಜಿನ್ ಗಂಟೆಗೆ ಸುಮಾರು 15 ಗ್ಯಾಲನ್ ಕುಡಿದರೆ 300ರದ್ದು ಹೆಚ್ಚುಕಮ್ಮಿ ಅದರ ಎರಡರಷ್ಟು.

ನನ್ನ ಮನಸ್ಸು ತಿರುಗಿದ್ದು ರ್‍ಯಾಂಪ್‌ನಲ್ಲಿ, ಅಂದರೆ ಟ್ರೇಲರ್‌ನಿಂದ ಬೋಟನ್ನು ನೀರಿಗಿಳಿಸುವ ಇಳಿಜಾರಿನಲ್ಲಿ. ಜುಲೈ ಶನಿವಾರ ಲೇಕ್ ಸಮ್ಮಾಮಿಶ್‌ನಲ್ಲಿ ಉದ್ದ ಸಾಲು, ಹಿಂದೆ ಕಾಯುವವರ ಕಣ್ಣೆಲ್ಲ ನಿಮ್ಮ ಮೇಲೆಯೇ. ಚಿಕ್ಕದನ್ನು ನಾನು ಗಾಡಿಯಲ್ಲಿ ರಿವರ್ಸ್ ಇಳಿಸಿದರೆ ನನ್ನ ಹೆಂಡತಿ ಹಗ್ಗ ಹಿಡಿದು ಒಬ್ಬಳೇ ಡಾಕ್‌ಗೆ ಎಳೆದು ಕಟ್ಟುತ್ತಾಳೆ. ದೊಡ್ಡದಕ್ಕೆ ಅಡ್ಡಗಾಳಿ ಹೊಡೆದಾಗ ಗೆಳೆಯರೂ ಕೈ ಹಾಕಬೇಕಾಯಿತು. ಆಫೀಸು ಮುಗಿಸಿ ಸಂಜೆ ಸುಮ್ನೆ ಎರಡು ಗಂಟೆ ಹೋಗಿಬರೋಣ ಅನ್ನಿಸಿದಾಗ ಇಬ್ಬರ ಕೈಯಲ್ಲೇ ಆಗುವ ಬೋಟು ಬೇಕು, ಅಲ್ವಾ?

ಹಾಗಾಗಿ ನಾವು ಕೊಂಡದ್ದು 19 ಅಡಿಯದು. ಅಪ್ಪ ಅಮ್ಮ ಬಂದಾಗ ದೊಡ್ಡದನ್ನು ಅರ್ಧ ದಿನಕ್ಕೆ ಬಾಡಿಗೆಗೆ ತರುತ್ತೇವೆ. ಬ್ಯಾಲರ್ಡ್ ಲಾಕ್ಸ್ (ಬೋಟುಗಳನ್ನು ಕೆರೆಯ ಮಟ್ಟದಿಂದ ಸಮುದ್ರದ ಮಟ್ಟಕ್ಕೆ ಇಳಿಸುವ ನೀರಿನ ಗೇಟು) ದಾಟಿ ಪ್ಯೂಜೆಟ್ ಸೌಂಡ್‌ನ ಉಪ್ಪುನೀರಿಗೆ ಹೋಗುವ ಆಸೆ ಇದ್ದವರು ಮಾತ್ರ 23 ಅಡಿಯದನ್ನೇ ನೋಡಿ. ಯಾವುದನ್ನೇ ಕೊಂಡರೂ ಜನ ತುಂಬುವಾಗ ಹುಷಾರು. 20 ಅಡಿಗಿಂತ ಚಿಕ್ಕ ಬೋಟಿನಲ್ಲಿ ಎಷ್ಟು ಜನ, ಎಷ್ಟು ತೂಕ ಅಂತ ಬರೆದ ಫಲಕ ಇಲ್ಲಿ ಕಡ್ಡಾಯ. ಅದಕ್ಕಿಂತ ದೊಡ್ಡದಕ್ಕೆ ಆ ನಿಯಮ ಇಲ್ಲ, ಲೆಕ್ಕ ನೀವೇ ಇಡಬೇಕು.