ಕನ್ನಡ ಟೈಪಿಂಗ್: ಗೂಗಲ್ ಲಿಪ್ಯಂತರ, ಗೂಗಲ್ ಧ್ವನಿ, ಮತ್ತು ನಾನು ಬಿಡದ ಕಗಪ

ನಾಲ್ಕು ಸಾಲಿಗಿಂತ ಉದ್ದ ಏನು ಬರೆಯುವುದಿದ್ದರೂ ನನ್ನ ಕೈ ಹೋಗುವುದು ಕಗಪ ಕೀಲಿಮಣೆ ವಿನ್ಯಾಸಕ್ಕೇ. ಕನ್ನಡ ಗಣಕೀಕರಣದ ಹಿರಿಯ ಕೆ.ಪಿ. ರಾವ್ ರೂಪಿಸಿದ್ದು, ಕನ್ನಡ ಗಣಕ ಪರಿಷತ್ತಿನ (ಕಗಪ) ‘ನುಡಿ’ ತಂತ್ರಾಂಶದಿಂದ ಮನೆಮಾತಾದದ್ದು. ಗೂಗಲ್ ಕನ್ನಡಕ್ಕೆ ಏನೂ ಮಾಡಿಲ್ಲ ಎಂದು ಹೇಳಲು ಹೊರಟಿಲ್ಲ. 2017ರ ಆಗಸ್ಟ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ ಕೊಟ್ಟಿತು. 2024ರ ಜೂನ್‌ನಲ್ಲಿ ಅನುವಾದ ಸೇವೆಗೆ ತುಳುವನ್ನು ಸೇರಿಸಿತು, ಅಕ್ಟೋಬರ್‌ನಲ್ಲಿ ತನ್ನ ಮಾತಿನ ಎಐ ಸಹಾಯಕ ಜೆಮಿನಿ ಲೈವ್ ಕನ್ನಡದಲ್ಲೂ ಮಾತಾಡುತ್ತದೆ ಎಂದು ಪ್ರಕಟಿಸಿತು. ಎಲ್ಲವೂ ಸಂತೋಷದ ಸುದ್ದಿಯೇ. ಆದರೆ ಬರೆಯುವವನ ದಿನ ಕಳೆಯುವುದು ಕೀಲಿಮಣೆಯ ಮೇಲೆ. ಲಿಪ್ಯಂತರ, ಧ್ವನಿ, ಕಗಪ ಈ ಮೂರರ ನಡುವಿನ ವ್ಯತ್ಯಾಸ ಕಾಣುವುದೂ ಅಲ್ಲೇ.

ಗೂಗಲ್‌ನ ಫೋನ್ ಕೀಲಿಮಣೆ ಜಿಬೋರ್ಡ್‌ನ ಲಿಪ್ಯಂತರದಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಪದಗಳ ಸಲಹೆ ಬರುತ್ತದೆ. ‘ಬಿ ಎ ಎಲ್ ಇ’ ಒತ್ತಿ ನೋಡಿ. ಬಲೆ, ಬಳೆ, ಬಾಲೆ, ಬಾಳೆ: ನಾಲ್ಕೂ ಅದೇ ನಾಲ್ಕು ಕೀಲಿಗೆ ಸಲ್ಲುವ ಪದಗಳು. ಯಾವುದು ಬೇಕೆಂದು ನಿರ್ಧರಿಸುವುದು ಬೆರಳಲ್ಲ, ಕಣ್ಣು. ಪ್ರತಿ ಪದಕ್ಕೂ ಕಣ್ಣು ಸಲಹೆಯ ಪಟ್ಟಿಗೆ ಹೋಗಿ ಮರಳಬೇಕು. ಹತ್ತು ಪದದ ಸಂದೇಶದಲ್ಲಿ ಇದು ಗೊತ್ತೇ ಆಗುವುದಿಲ್ಲ. ಎರಡು ಪುಟದ ಲೇಖನದಲ್ಲಿ ಮಾತ್ರ ಯೋಚನೆಯ ಎಳೆ ಹತ್ತಾರು ಕಡೆ ತುಂಡಾಗುತ್ತದೆ.

ಕಗಪದಲ್ಲಿ ಬಳೆ ಎಂದರೆ ‘ಬಿ’, ಶಿಫ್ಟ್ ಹಿಡಿದು ‘ಎಲ್’, ‘ಇ’. ಬಾಳೆಗೆ ನಡುವೆ ಶಿಫ್ಟ್ ಹಿಡಿದು ‘ಎ’ ಸೇರುತ್ತದೆ. ವ್ಯಂಜನದಲ್ಲಿ ಅಕಾರ ಅಡಗಿಯೇ ಇರುವುದರಿಂದ ಅದನ್ನು ಒತ್ತಬೇಕಿಲ್ಲ. ಒತ್ತಕ್ಷರಕ್ಕೆ ‘ಎಫ್’. ‘ಕನ್ನಡ’ ಪದಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು, ಅಂದರೆ ಐದು ಕೀಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಏಳು, ಮೇಲೊಂದು ಆಯ್ಕೆ. ಪರದೆ ನೋಡದೆಯೂ ಬೆರಳಿಗೆ ಏನು ಬಿತ್ತೆಂದು ಗೊತ್ತಿರುತ್ತದೆ.

ಈಗ ನಿಜವಾದ ತೊಡಕಿಗೆ ಬರೋಣ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಇರಬೇಕು. ಜಿಬೋರ್ಡ್‌ನಲ್ಲಿ ಸಲಹೆಯೊಂದನ್ನು ಮುಟ್ಟಿದ ಕೂಡಲೇ ಪದದ ಮುಂದೆ ಖಾಲಿ ಜಾಗ ತಾನಾಗಿ ಬೀಳುತ್ತದೆ. ‘ಬ್ಯಾಂಕ್’ ಆಯ್ದು ‘ಗೆ’ ಬರೆದರೆ ಸಿಗುವುದು ‘ಬ್ಯಾಂಕ್ ಗೆ’. ಈ ಒಡೆದ ರೂಪ ಎಲ್ಲೆಡೆ ಹಬ್ಬಿದೆ. ಸಾಲಿನ ಕೊನೆಗೆ ಬಂದಾಗಲಂತೂ ‘ಬ್ಯಾಂಕ್’ ಮೇಲಿನ ಸಾಲಿನಲ್ಲಿ ಉಳಿದು ‘ಗೆ’ ಒಂದೇ ಕೆಳಗಿಳಿದಿರುತ್ತದೆ. ಬರೆದವರಿಗೆ ವ್ಯಾಕರಣ ಗೊತ್ತಿಲ್ಲ ಅಂತಲ್ಲ, ಉಪಕರಣ ಅತ್ತ ತಳ್ಳುತ್ತದೆ.

ಸರಿ, ಖಾಲಿ ಜಾಗ ಅಳಿಸಿ ‘ಗೆ’ ಅಂಟಿಸಿದಿರಿ ಎನ್ನಿ. ಆಗ ಅದು ‘ಬ್ಯಾಂಕ್ಗೆ’ ಆಗುತ್ತದೆ, ಗಕಾರ ಕಕಾರದ ಕೆಳಗೆ ಒತ್ತಾಗಿ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡ್‌ನ ನಿಯಮವೇ ಹಾಗೆ: ವಿರಾಮದ (ಅಕಾರ ಕಳೆದು ‘ಕ’ವನ್ನು ‘ಕ್’ ಮಾಡುವ ಗುರುತಿನ) ಮುಂದೆ ವ್ಯಂಜನ ಬಂದರೆ ಅದು ಒತ್ತು. ಬೇಕಾದದ್ದು ‘ಬ್ಯಾಂಕ್‌ಗೆ’. ಇದಕ್ಕೆ ಕ್ ಮತ್ತು ಗೆ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಗುರುತು ಬೇಕು. ಅದರ ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್, ಯೂನಿಕೋಡ್ ಸಂಖ್ಯೆ 200ಸಿ. ಲಿಪ್ಯಂತರದ ಕೀಲಿಮಣೆ ಎಂದರೆ ಇಂಗ್ಲಿಷ್ ಕೀಲಿಮಣೆಯೇ, ಅದರ ಮುಖದ ಮೇಲೆ ಈ ಗುರುತಿಗೆ ಜಾಗವಿಲ್ಲ. ಕೀಬೋರ್ಡ್ ಕಲಿತಿರುವ ಪದರೂಪದಲ್ಲಿ ಗುರುತು ಮೊದಲೇ ಸೇರಿದ್ದರೆ ನಿಮ್ಮ ಪುಣ್ಯ. ಸೇರಿಲ್ಲದಿದ್ದರೆ ಆ ರೂಪವನ್ನು ಬೇರೆ ಕಡೆಯಿಂದ ತರಬೇಕು.

ತಿದ್ದುವುದೂ ಸುಲಭವಲ್ಲ. ಒತ್ತಕ್ಷರದ ಒಳಗೆ ಕರ್ಸರ್ ನಿಲ್ಲುವುದಿಲ್ಲ. ‘ಬ್ಯಾಂಕ್ಗೆ’ ಪದದ ಕೊನೆಗೆ ಹೋಗಿ ಎರಡು ಸಲ ಅಳಿಸಬೇಕು: ಮೊದಲು ಎತ್ವ ಹೋಗುತ್ತದೆ, ಆಮೇಲೆ ಗಕಾರ. ‘ಬ್ಯಾಂಕ್’ ಉಳಿದ ಮೇಲೆ ಗುರುತು ಹಾಕಿ, ‘ಗೆ’ ಮತ್ತೆ ಬರೆಯಬೇಕು. ಗೂಗಲ್ ಡಾಕ್ಸ್‌ನಲ್ಲಾದರೆ ವಿಶೇಷ ಅಕ್ಷರಗಳ ಕಿಟಕಿ ತೆರೆದು 200ಸಿ ಎಂದು ಹುಡುಕಿ ಸೇರಿಸಬಹುದು. ವಿಂಡೋಸ್‌ನ ವರ್ಡ್‌ನಲ್ಲಿ 200ಸಿ ಎಂದು ಇಂಗ್ಲಿಷ್ ಕೀಲಿಯಲ್ಲಿ ಬರೆದು ಆಲ್ಟ್ ಹಿಡಿದು ‘ಎಕ್ಸ್’ ಒತ್ತಿದರೆ ಆ ಅಂಕಿಯೇ ಗುರುತಾಗಿ ಬದಲಾಗುತ್ತದೆ. ಫೋನಿನಲ್ಲಿ ನನಗೆ ಒಗ್ಗಿದ ದಾರಿ ಜಿಬೋರ್ಡ್‌ನ ಕ್ಲಿಪ್‌ಬೋರ್ಡ್: ಪದೇ ಪದೇ ಬೇಕಾಗುವ ಸಾಫ್ಟ್‌ವೇರ್, ವೆಬ್‌ಸೈಟ್, ಫೇಸ್‌ಬುಕ್‌ನಂಥ ಪದಗಳನ್ನು ಸರಿಯಾದ ರೂಪದಲ್ಲಿ ನಕಲು ಮಾಡಿ ಪಿನ್ ಮಾಡಿಡುವುದು. ಪಿನ್ ಮಾಡದಿದ್ದರೆ ಒಂದು ಗಂಟೆಯಲ್ಲಿ ಅಳಿಸಿಹೋಗುತ್ತವೆ.

ಕಾಣದ ಗುರುತಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎಂದರೆ, ಅದು ಇದ್ದ ಪದ ಮತ್ತು ಇಲ್ಲದ ಪದ ಕಂಪ್ಯೂಟರಿಗೆ ಎರಡು ಬೇರೆ ಪದ. ಒಂದು ಕಡತದಲ್ಲಿ ಎರಡೂ ಬೆರೆತಿದ್ದರೆ ‘ಹುಡುಕಿ ಬದಲಿಸು’ ಅರ್ಧವನ್ನು ಮಾತ್ರ ಹಿಡಿಯಬಹುದು. ಕಗಪದ ಹಲವು ತಂತ್ರಾಂಶಗಳಲ್ಲಿ ‘ಎಫ್’ ಎರಡು ಸಲ ಒತ್ತಿದರೆ ಸಾಕು, ವಿರಾಮದ ಜೊತೆ ಈ ಗುರುತೂ ಬೀಳುತ್ತದೆ. ನನ್ನ ಪಕ್ಷಪಾತಕ್ಕೆ ಅರ್ಧ ಕಾರಣ ಈ ಎರಡನೇ ‘ಎಫ್’.

ಸಂಧಿಯ ವಿಷಯವೂ ಇದರ ಬೆನ್ನಿಗೇ ಇದೆ. ಲಿಪ್ಯಂತರದಲ್ಲಿ ‘ಮನೆ’ ಆಯ್ದು ಆಮೇಲೆ ‘ಇಂದ’ ಸೇರಿಸಿದರೆ ‘ಮನೆಇಂದ’ ಎಂದಾಗುತ್ತದೆ, ‘ಮನೆಯಿಂದ’ ಎಂಬಲ್ಲಿನ ಯಕಾರಾಗಮ ತಾನಾಗಿ ಬರುವುದಿಲ್ಲ. ಇಡೀ ಪದವನ್ನು ಒಂದೇ ಉಸಿರಿಗೆ ಬರೆದು ಕೊನೆಗೆ ಆಯ್ದುಕೊಳ್ಳುವುದು ಒಳ್ಳೆಯದು. ‘ಬರಬೇಕಾಗಿದ್ದವರಿಗೂ’ ಅಂಥ ಉದ್ದದ ಪದಕ್ಕೆ ಸಲಹೆ ಹಳಿ ತಪ್ಪಿದರೆ ಮಾತ್ರ ಎರಡು ತುಂಡು ಮಾಡಿ ಬರೆದು ನಡುವಿನ ಜಾಗ ಅಳಿಸಿ.

‘ರ‍್ಯಾಲಿ’, ‘ರ‍್ಯಾಂಕ್’ ಪದಗಳಿಗೆ ಅರ್ಕಾವೊತ್ತು ಬೇಡವೆಂದರೆ ಬೇಕಾಗುವುದು 200ಸಿಯ ಸೋದರ ಗುರುತು, 200ಡಿ. ಅದು ರಕಾರದ ನಂತರ, ವಿರಾಮಕ್ಕೆ ಮೊದಲು ಬರಬೇಕು. ಸೂರ್ಯ, ಕಾರ್ಯಗಳಿಗೆ ಇದರ ಗೊಡವೆ ಇಲ್ಲ.

ಧ್ವನಿ ಟೈಪಿಂಗ್ ವೇಗದಲ್ಲಿ ಉಳಿದೆರಡನ್ನೂ ಸೋಲಿಸುತ್ತದೆ. ವಾಕ್ಯವನ್ನು ಇಡಿಯಾಗಿ, ಪುಸ್ತಕದ ಕನ್ನಡದಲ್ಲಿ, ನಡುವೆ ತಡವರಿಸದೆ ಹೇಳಿದರೆ ಫಲ ಚೆನ್ನಾಗಿರುತ್ತದೆ. ಹಕಾರ ನುಂಗಿ ಮಾತಾಡಿದರೆ, ಹೆಸರುಗಳು ಬಂದರೆ, ಮಹಾಪ್ರಾಣ ಸಡಿಲವಾದರೆ ತಪ್ಪುಗಳು ಸಾಲಾಗಿ ಬರುತ್ತವೆ. ಅವು ನಿಜವಾದ ಪದಗಳ ವೇಷದಲ್ಲೇ ಬರುವುದರಿಂದ ಸುಮ್ಮನೆ ಮೇಲೆ ಮೇಲೆ ಓದಿದರೆ ಕಣ್ಣಿಗೆ ಬೀಳುವುದಿಲ್ಲ. ಮೊದಲ ಕರಡಿಗೆ, ಟಿಪ್ಪಣಿಗೆ ಬಳಸಿ. ಅಚ್ಚಿಗೆ ಹೋಗುವುದನ್ನು ಸಾಲು ಸಾಲಾಗಿ ಓದಿ ತಿದ್ದಲೇಬೇಕು, ಆಗ ಉಳಿಸಿದ ಸಮಯ ಬಹುಪಾಲು ಅಲ್ಲಿಗೇ ಹೋಗುತ್ತದೆ.

ಕಗಪದ ಬೆಲೆ ಕಲಿಕೆಯಲ್ಲಿದೆ. ಹೆಚ್ಚಿನ ಅಕ್ಷರಗಳು ಉಚ್ಚಾರಣೆಗೆ ಹೊಂದುತ್ತವೆ, ಮಹಾಪ್ರಾಣಕ್ಕೆ ಶಿಫ್ಟ್. ಎಡವುವುದು ಹೊಂದದ ಕೆಲವೇ ಕಡೆ: ಟ ‘ಕ್ಯೂ’ನಲ್ಲಿ, ಡ ‘ಡಬ್ಲ್ಯು’ನಲ್ಲಿ, ಷ ‘ಎಕ್ಸ್’ನಲ್ಲಿ, ಐ ಮತ್ತು ಔ ಶಿಫ್ಟ್ ಸಹಿತ ‘ವೈ’ ಮತ್ತು ‘ವಿ’ಯಲ್ಲಿ. ಟಡಗಳ ಜಾಗ ಕೈಗೆ ಬಂದರೆ ಮುಕ್ಕಾಲು ಕಷ್ಟ ಮುಗಿಯಿತು. ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಕೊಡಿ, ಆ ಎರಡು ವಾರ ಲಿಪ್ಯಂತರವನ್ನು ಮುಟ್ಟಬೇಡಿ. ಎರಡನ್ನೂ ಬೆರೆಸಿದರೆ ಬೆರಳು ಯಾವುದನ್ನೂ ಕಲಿಯುವುದಿಲ್ಲ.

ಲಿನಕ್ಸ್‌ನಲ್ಲಿ ಕೀಬೋರ್ಡ್ ಸೆಟ್ಟಿಂಗ್ಸ್‌ನ ಕನ್ನಡ ಪಟ್ಟಿಯಲ್ಲೇ ‘ಕಗಪ, ಫೊನೆಟಿಕ್’ ಇದೆ. ವಿಂಡೋಸ್‌ನಲ್ಲಿ ನುಡಿ ಹಾಕಿಕೊಂಡರೆ ಯೂನಿಕೋಡ್ ಆಯ್ಕೆ ಇರುವುದನ್ನು ಖಚಿತಪಡಿಸಿಕೊಳ್ಳಿ. ಹಳೆಯ ಫಾಂಟ್ ಆಧಾರಿತ ವಿಧಾನದಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ವಿಂಡೋಸ್ ಜೊತೆಗೇ ಬರುವ ‘ಕನ್ನಡ ಫೊನೆಟಿಕ್’ ಕೂಡ ಇದೆ, ಆದರೆ ಅದು ಲಿಪ್ಯಂತರದ ಜಾತಿಯದು, ಕಗಪವಲ್ಲ. ಭಾರತೀಯ ಭಾಷೆಗಳ ಪ್ರಮಾಣಿತ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಈಗಾಗಲೇ ಕೈಯಲ್ಲಿದ್ದರೆ ಬದಲಿಸುವ ಅಗತ್ಯವಿಲ್ಲ.

ಫೋನಿನಲ್ಲಿ ನನ್ನ ಹಟ ಸಡಿಲ. ಹೆಬ್ಬೆರಳಿಗೆ ಶಿಫ್ಟ್ ಹಿಡಿಯುವುದು ಬೇಸರದ ಕೆಲಸ, ಅಲ್ಲಿ ಜಿಬೋರ್ಡ್ ಲಿಪ್ಯಂತರವೇ ಇರಲಿ. ದಿನಕ್ಕೆ ಹತ್ತಿಪ್ಪತ್ತು ಸಂದೇಶವಷ್ಟೇ ಬರೆಯುವವರಿಗೆ ಅದು ಸಾಕು, ‘ಗೆ’ ಮತ್ತು ‘ನಲ್ಲಿ’ಯ ಹಿಂದಿನ ಖಾಲಿ ಜಾಗ ಅಳಿಸುವುದೊಂದನ್ನು ರೂಢಿ ಮಾಡಿಕೊಂಡರೆ. ವರದಿ, ಲೇಖನ, ಅನುವಾದ, ಪಾಠದ ಟಿಪ್ಪಣಿ ಬರೆಯುವವರು ಕಂಪ್ಯೂಟರಿಗೆ ಕಗಪ ಹಾಕಿಕೊಳ್ಳಿ, ಇವತ್ತೇ ‘ಕ್ಯೂ’ ಮತ್ತು ‘ಡಬ್ಲ್ಯು’ ಕೀಲಿಗಳ ಮೇಲೆ ಟ, ಡ ಬರೆದ ಚೀಟಿ ಅಂಟಿಸಿ.