ಮಹಾ ಲಿಯೋ ಅವರ ಪ್ರಬೋಧನೆಗಳು: ಕ್ರಿಸ್ತಜಯಂತಿಗೆ ಮುನ್ನ ಕೊಳ್ಳಬೇಕಾದ ಪುಸ್ತಕ

ನಮ್ಮ ಧರ್ಮಕೇಂದ್ರದಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವಳು ನಾನು. ಡಿಸೆಂಬರ್ ಬಂದರೆ ಗೋದಲಿ, ನಕ್ಷತ್ರ, ಹಬ್ಬದ ತಿಂಡಿಗಳಾದ ಕುಸ್ವಾರ್ ಎಲ್ಲವೂ ಇರುತ್ತವೆ. ಹಬ್ಬ ಯಾಕೆ ಎಂದು ಮಗು ಕೇಳಿದರೆ ಹೇಳಲು ಮಾತು ಸಾಲದು. ಅಂಥವರಿಗೆ ಈ ಸಂಪುಟವನ್ನು ಒತ್ತಿ ಹೇಳುತ್ತೇನೆ. 440ರಿಂದ 461ರವರೆಗೆ ಪೋಪ್ ಆಗಿದ್ದ ಲಿಯೋ ಅವರ 96 ಪ್ರಬೋಧನೆಗಳು ಇದರಲ್ಲಿವೆ. ಜೇನ್ ಫ್ರೀಲ್ಯಾಂಡ್ ಮತ್ತು ಆಗ್ನೆಸ್ ಕಾನ್ವೇ ಲ್ಯಾಟಿನ್‌ನಿಂದ ಇಂಗ್ಲಿಷಿಗೆ ತಂದ ಅನುವಾದ 1996ರಲ್ಲಿ ಪ್ರಕಟವಾಗಿದೆ. 21ರಿಂದ 30ರವರೆಗಿನ ಹತ್ತು ಕ್ರಿಸ್ತಜಯಂತಿಯವು.

21ನೆಯದನ್ನು ಗಟ್ಟಿಯಾಗಿ ಓದಿ. ಜೀವವೇ ಜನಿಸಿದ ದಿನ ದುಃಖಕ್ಕೆ ಎಡೆಯಿಲ್ಲ ಎಂದು ಶುರುಮಾಡುವ ಲಿಯೋ ಯಾರನ್ನೂ ಬಾಗಿಲ ಹೊರಗೆ ನಿಲ್ಲಿಸುವುದಿಲ್ಲ: ಸಂತನಿಗೆ ಜಯ ಹತ್ತಿರವಾಗಿದೆ, ಪಾಪಿಗೆ ಕ್ಷಮೆಯ ಕರೆ ಬಂದಿದೆ, ಅನ್ಯಮತದವನಿಗೂ ಬದುಕಿನ ಆಹ್ವಾನವಿದೆ. ಕೊನೆಯಲ್ಲಿ, ಕ್ರೈಸ್ತನೇ, ನಿನ್ನ ಘನತೆಯನ್ನು ಅರಿತುಕೋ ಎನ್ನುತ್ತಾರೆ. 26ರಲ್ಲಿ ಇದೇ ಮಾತು ಇನ್ನೂ ಆಳಕ್ಕಿಳಿಯುತ್ತದೆ: ಶಿರಸ್ಸಾದ ಕ್ರಿಸ್ತನು ಹುಟ್ಟಿದ ದಿನವೇ ಅವನ ದೇಹವಾದ ಧರ್ಮಸಭೆಯೂ ಹುಟ್ಟಿತು. ಅಂದರೆ ಈ ಹಬ್ಬ ಬೆತ್ಲೆಹೇಮಿನ ಕೂಸಿನದಷ್ಟೇ ಅಲ್ಲ, ನಮ್ಮದೂ ಹೌದು. ಕ್ರಿಸ್ತನು ತಾಯಿ ಮರಿಯಳಿಗೆ ಕೊಟ್ಟದ್ದನ್ನೇ ಜ್ಞಾನಸ್ನಾನದ, ಅಂದರೆ ಕ್ರೈಸ್ತ ದೀಕ್ಷಾಸ್ನಾನದ, ನೀರಿಗೂ ಕೊಟ್ಟನೆಂಬ 25ರ ಮಾತನ್ನು ಓದಿದ ಮೇಲೆ ನಮ್ಮ ಗುಡಿಯ ಜ್ಞಾನಸ್ನಾನದ ತೊಟ್ಟಿಯನ್ನು ನೋಡುವ ನನ್ನ ಕಣ್ಣೇ ಬದಲಾಯಿತು.

27ರಲ್ಲಿ ಐದನೆಯ ಶತಮಾನದ ರೋಮ್ ಕಣ್ಣಿಗೆ ಕಟ್ಟುತ್ತದೆ. ಸಂತ ಪೇತ್ರರ ಮಹಾದೇವಾಲಯದ ಮೆಟ್ಟಿಲು ಹತ್ತಿದ ಕ್ರೈಸ್ತರು ಒಳಗೆ ಹೋಗುವ ಮುನ್ನ ಹಿಂದಕ್ಕೆ ತಿರುಗಿ, ಉದಯಸೂರ್ಯನಿಗೆ ತಲೆಬಾಗಿಸುತ್ತಿದ್ದರು. ಇದು ಲಿಯೋ ಅವರಿಗೆ ನೋವಿನ ಸಂಗತಿ. ಆದರೂ ಅವರು ಬೆಳಕನ್ನು ಹಳಿಯುವುದಿಲ್ಲ. ಸೃಷ್ಟಿಯ ಸೊಬಗನ್ನು ಕಣ್ತುಂಬ ನೋಡಿ, ಆರಾಧನೆ ಮಾತ್ರ ಸೃಷ್ಟಿಕರ್ತನಿಗಿರಲಿ ಎನ್ನುತ್ತಾರೆ.

ವರ್ಷವರ್ಷವೂ ಅದೇ ಹಬ್ಬಕ್ಕೆ ಹೇಳಿದ ಮಾತುಗಳಾದ್ದರಿಂದ ಪುನರಾವರ್ತನೆ ಇದೆ. 28ರಲ್ಲಿ ಕ್ರಿಸ್ತನ ದೇವತ್ವ ಮಾನವತ್ವಗಳನ್ನು ಬೇರ್ಪಡಿಸಿದನೆಂಬ ಆರೋಪ ಹೊತ್ತ ನೆಸ್ಟೋರಿಯಸ್, ಅವೆರಡನ್ನೂ ಒಂದಾಗಿ ಬೆರೆಸಿದನೆಂಬ ಆರೋಪ ಹೊತ್ತ ಯೂಟಿಕೀಸ್ ವಿರುದ್ಧದ ವಾದ ಜೋರಾಗಿದೆ. ಈ ವಿವಾದವನ್ನು ತೀರ್ಮಾನಿಸಿದ 451ರ ಕಾಲ್ಸೆಡನ್ ಧರ್ಮಾಧ್ಯಕ್ಷರ ಮಹಾಸಭೆಯ ಹಿನ್ನೆಲೆ ತಿಳಿದಿದ್ದರಷ್ಟೇ ಅದು ರುಚಿಸುತ್ತದೆ. ಕ್ರಿಸ್ತನ ಯಾತನೆಯನ್ನು ಕುರಿತ ಪ್ರಬೋಧನೆಗಳಲ್ಲಿ ಯೆಹೂದ್ಯರ ಕುರಿತ ಮಾತುಗಳು ಕಠೋರವಾಗಿವೆ, ಅವನ್ನು ನಾನು ಮಕ್ಕಳ ಮುಂದೆ ಓದುವುದಿಲ್ಲ. ಮೊದಲ ಸಲ ಓದುವವರು 21, 26, 27ರ ಕ್ರಮ ಹಿಡಿಯಿರಿ, ವಾದವಿವಾದದ ಪುಟಗಳು ಆಮೇಲೆ.